ಮೊದಲು ಬರಹ, ಆಮೇಲೆ ಬದುಕು: ನಮ್ಮ ಸೀಮೆಯ ಒಬ್ಬ ಲೇಖಕರನ್ನು ಇಡಿಯಾಗಿ ಓದುವ ಬಗೆ

ಶಾಲೆಯ ಪಠ್ಯದಲ್ಲಿ ಪದ್ಯದ ಪಕ್ಕ ಒಂದು ಚೌಕ ಇರುತ್ತದೆ. ಕವಿಯ ಹೆಸರು, ಹುಟ್ಟಿದ ಊರು, ಇಸವಿ, ಬರೆದ ಪುಸ್ತಕ, ಬಂದ ಪ್ರಶಸ್ತಿ. ಪರೀಕ್ಷೆಗೆ ಅದನ್ನು ಬಾಯಿಪಾಠ ಮಾಡಿದವರಿಗೆ ಪದ್ಯ ಮರೆತರೂ ಚೌಕ ನೆನಪಿರುತ್ತದೆ. ದೊಡ್ಡವರಾದ ಮೇಲೂ ನಮ್ಮ ಓದು ಆ ಚೌಕ ದಾಟಿ ಹೊರಗೆ ಬಂದಿರುವುದಿಲ್ಲ. ‘ಏನಾದರೂ ಆಗು, ಮೊದಲು ಮಾನವನಾಗು’ ಎಂಬ ಮಾತನ್ನು ಬೀಳ್ಕೊಡುಗೆ ಸಮಾರಂಭಗಳಲ್ಲಿ ಕೇಳದವರು ಯಾರು? ಅದನ್ನು ಬರೆದವರು ಕೊಪ್ಪಳ ಜಿಲ್ಲೆಯ ದ್ಯಾಂಪುರದ ಸಿದ್ದಯ್ಯ ಪುರಾಣಿಕರು ಎಂದು ಬಲ್ಲವರು ಕಡಿಮೆ. ಅವರ ಒಂದು ಸಂಕಲನವನ್ನು ಮೊದಲ ಪುಟದಿಂದ ಕೊನೆಯವರೆಗೆ ಓದಿದವರು ಇನ್ನೂ ಕಡಿಮೆ.

ಇಲ್ಲಿ ಹೇಳುವುದು ಆ ಕ್ರಮವನ್ನು ತಿರುವು ಹಾಕುವ ಬಗೆ. ಒಬ್ಬರೇ ಲೇಖಕರು, ಹನ್ನೆರಡು ವಾರ. ಮೊದಲ ಆರು ವಾರ ಅವರ ಬರಹ ಮಾತ್ರ. ನಂತರ ಮೂರು ವಾರ ಅವರ ಬದುಕಿನ ಬಗ್ಗೆ ಸಿಕ್ಕಿದ್ದೆಲ್ಲ. ಒಂದು ವಾರ ಅವರ ಊರು. ಉಳಿದ ಎರಡು ವಾರ ಮೊದಲು ಓದಿದ ಪುಸ್ತಕವನ್ನೇ ಮತ್ತೆ ಓದುವುದು. ಬೇಕಾಗುವುದು ನಾಲ್ಕೈದು ಪುಸ್ತಕ, 200 ಪುಟದ ಒಂದು ನೋಟ್‌ಬುಕ್, ಒಂದು ಪೆನ್ಸಿಲ್, ಬಸ್ ಚಾರ್ಜು.

ಯಾರನ್ನು ಆರಿಸಬೇಕು

ಹೆಸರು ದೊಡ್ಡದೆಂದು ಆರಿಸಬೇಡಿ. ಮೂರು ಪರೀಕ್ಷೆ ಇಡಿ: ಅವರ ಮೂರು ಪುಸ್ತಕಗಳಾದರೂ ಈಗ ಕೈಗೆ ಸಿಗುತ್ತವೆಯೇ? ಅವರು ತಮ್ಮ ಬಗ್ಗೆ ತಾವೇ ಬರೆದದ್ದು ಅಥವಾ ಬಲ್ಲವರು ಬರೆದದ್ದು ಒಂದಾದರೂ ಇದೆಯೇ? ಅವರ ಊರಿಗೆ ಬೆಳಿಗ್ಗೆ ಹೋಗಿ ಸಂಜೆ ಬರಬಹುದೇ? ಮೂರಕ್ಕೂ ಹೌದು ಎಂದಾದರೆ ಶುರು ಮಾಡಿ. ಎರಡಕ್ಕೆ ಮಾತ್ರ ಹೌದಾದರೂ ನಡೆದೀತು, ಆದರೆ ಮೊದಲನೆಯದಕ್ಕೆ ಇಲ್ಲ ಎಂದಾದರೆ ಬೇರೆಯವರನ್ನು ನೋಡಿ. ಬರಹವೇ ಸಿಗದ ಲೇಖಕರ ಬದುಕನ್ನು ಓದುತ್ತ ಕೂಡುವುದು ಊಟವಿಲ್ಲದ ಮನೆಯಲ್ಲಿ ಅಡುಗೆಯ ಮಾತಾಡಿದ ಹಾಗೆ.

ರಾಯಚೂರು, ಕೊಪ್ಪಳ, ಬಳ್ಳಾರಿ ಈ ಮೂರು ಜಿಲ್ಲೆಗಳಲ್ಲಿ ಆರಿಸಿಕೊಳ್ಳುವುದಕ್ಕೆ ಬರವಿಲ್ಲ, ಮತ್ತು ಒಂದೊಂದು ದಾರಿಯ ರುಚಿಯೇ ಬೇರೆ. ಹಾಡಿನ ದಾರಿ ಬೇಕಾದವರಿಗೆ ಮಾನ್ವಿ ಭಾಗದ ದಾಸರಿದ್ದಾರೆ: ಚೀಕಲಪರವಿಯ ವಿಜಯದಾಸರು (1682–1755), ಅವರ ಶಿಷ್ಯ ಮೊಸರುಕಲ್ಲಿನ ಗೋಪಾಲದಾಸರು, ಮುಂದೆ ಬ್ಯಾಗವಾಟದ ಜಗನ್ನಾಥದಾಸರು (1728–1809). ಉರ್ದು ಶಾಲೆಯಲ್ಲಿ ಕಲಿತು ಕನ್ನಡದಲ್ಲಿ ಬರೆದ ತಲೆಮಾರು ಬೇಕೆಂದರೆ ಸಿದ್ದಯ್ಯ ಪುರಾಣಿಕರು, ಕನ್ನಡಕ್ಕೆ ಗಜಲ್ ಒಲಿಸಿದ ಹೆಂಬೇರಾಳದ ಶಾಂತರಸರು (1924–2008). ಶಾಂತರಸರ ಮಗಳು ಎಚ್.ಎಸ್. ಮುಕ್ತಾಯಕ್ಕನವರೂ ಗಜಲ್ ಕವಿ. ಅಪ್ಪ ಮಗಳನ್ನು ಜೋಡಿಯಾಗಿ ಓದುವ ಅವಕಾಶ ಕನ್ನಡದಲ್ಲಿ ಹೆಚ್ಚು ಸಿಗುವುದಿಲ್ಲ. ಮದ್ರಾಸ್ ಆಡಳಿತದಲ್ಲಿದ್ದ ಬಳ್ಳಾರಿ ಕಡೆಯವರು ಬೇಕೆಂದರೆ ಹಾಸ್ಯಲೇಖಕ ಬೀಚಿ (1913–1980). ಈಗ ಬರೆಯುತ್ತಿರುವವರೇ ಬೇಕೆಂದರೆ ಕೊಟ್ಟೂರಿನ ಕುಂ. ವೀರಭದ್ರಪ್ಪ (ಕುಂವೀ), ಸಂಡೂರಿನ ವಸುಧೇಂದ್ರ.

ಮೊದಲ ಸಲಕ್ಕೆ ಬೀಚಿಯವರನ್ನೋ ಕುಂವೀಯವರನ್ನೋ ಹಿಡಿಯುವುದು ಒಳ್ಳೆಯದು. ಇಬ್ಬರೂ ಗದ್ಯ ಬರೆದವರು, ಇಬ್ಬರ ಆತ್ಮಕಥೆಗಳೂ ಇವೆ: ‘ನನ್ನ ಭಯಾಗ್ರಫಿ’ ಮತ್ತು ‘ಗಾಂಧಿ ಕ್ಲಾಸು’. ಹೆಸರುಗಳಲ್ಲೇ ಇಬ್ಬರ ಸ್ವಭಾವ ಗೊತ್ತಾಗುತ್ತದೆ. ಆದರೆ ಆ ಎರಡು ಪುಸ್ತಕಗಳನ್ನು ಈಗಲೇ ಬಿಚ್ಚಬೇಡಿ. ತಂದು ಮೇಲಿನ ಗೂಡಿನಲ್ಲಿಡಿ.

ಪುಸ್ತಕ ಹುಡುಕುವಾಗ ಹೆಸರೇ ತೊಡಕು

ರಾಯಚೂರು, ಕೊಪ್ಪಳ, ಬಳ್ಳಾರಿ ಮೂರೂ ಕಡೆ ಜಿಲ್ಲಾ ಕೇಂದ್ರ ಗ್ರಂಥಾಲಯಗಳಿವೆ. ಗುರುತಿನ ಚೀಟಿಯ ನಕಲು, ಫೋಟೊ, ಠೇವಣಿ ಕಟ್ಟಿ ಸದಸ್ಯರಾಗಿ. ವಿಷಯಕ್ಕೊಂದು ಸಂಖ್ಯೆ ಕೊಡುವ ಡ್ಯೂಯಿ ಪದ್ಧತಿಯಲ್ಲಿ ಜೋಡಿಸಿದ ಕಡೆ ಕನ್ನಡ ಸಾಹಿತ್ಯದ ಸಂಖ್ಯೆ 894.814, ಜೀವನ ಚರಿತ್ರೆಗಳದು 920. ಇದು ಗೊತ್ತಿದ್ದರೆ ಒಬ್ಬರೇ ಲೇಖಕರಿಗಾಗಿ ಎರಡು ಬೇರೆ ಕಪಾಟುಗಳನ್ನು ನೋಡಬೇಕೆಂದು ತಿಳಿಯುತ್ತದೆ. ಬಹಳ ಮಂದಿ ಒಂದನ್ನೇ ನೋಡಿ ‘ಇಲ್ಲ’ ಎಂದು ಮರಳುತ್ತಾರೆ.

ಕಂಪ್ಯೂಟರಿನಲ್ಲೋ ಫೋನಿನಲ್ಲೋ ಹುಡುಕುವವರಿಗೆ ಇನ್ನೊಂದು ಗಂಟು ಕಾದಿರುತ್ತದೆ. ಬೀಚಿ ತಮ್ಮ ಹೆಸರಿನ ಮೊದಲ ಅಕ್ಷರವನ್ನು ಕನ್ನಡದಲ್ಲಿ, ಎರಡನೆಯದನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆಯುತ್ತಿದ್ದರು. ಹೊದಿಕೆಯ ಮೇಲೆ ಅದು ಚೆಂದ, ಹುಡುಕುವ ಯಂತ್ರಕ್ಕೆ ಗೊಂದಲ. ಪೂರ್ತಿ ಕನ್ನಡದಲ್ಲಿ ಒಮ್ಮೆ, ಎರಡು ಲಿಪಿ ಬೆರೆಸಿ ಒಮ್ಮೆ, ‘ರಾಯಸಂ ಭೀಮಸೇನರಾವ್’ ಎಂದು ಒಮ್ಮೆ, ಹೀಗೆ ಮೂರು ಸಲ ಹುಡುಕಿ. ಸಿದ್ದಯ್ಯ ಪುರಾಣಿಕರನ್ನು ‘ಕಾವ್ಯಾನಂದ’ ಎಂಬ ಹೆಸರಿನಲ್ಲೂ ಹುಡುಕಬೇಕು. ‘ಸಿದ್ದಯ್ಯ’ ‘ಸಿದ್ಧಯ್ಯ’ ಎರಡೂ ಬರಹ ಚಾಲ್ತಿಯಲ್ಲಿವೆ. ದಾಸರನ್ನು ಹುಡುಕುವಾಗ ಅಂಕಿತ ಹಿಡಿಯಿರಿ: ವಿಜಯವಿಠಲ, ಗೋಪಾಲವಿಠಲ, ಜಗನ್ನಾಥವಿಠಲ. ಹಾಡಿನ ಕೊನೆಯ ನುಡಿಯಲ್ಲಿ ಅಂಕಿತವಿಲ್ಲದಿದ್ದರೆ ಯಾರದೋ ಹಾಡು ಇನ್ಯಾರದೋ ಹೆಸರಿನಲ್ಲಿ ಅಚ್ಚಾಗಿರುವ ಸಂಭವ ಉಂಟು.

ಮುದ್ರಣ ನಿಂತ ಪುಸ್ತಕದ ಜೆರಾಕ್ಸ್ ಹಂಚುವ ಮುನ್ನ ಒಂದು ಲೆಕ್ಕ. ನಮ್ಮಲ್ಲಿ ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. ಬೀಚಿ 1980ರಲ್ಲಿ ತೀರಿದವರು, ಹಾಗಾಗಿ 2040ರ ಕೊನೆಯವರೆಗೆ ಹಕ್ಕು ಅವರ ವಾರಸುದಾರರದು. ದಾಸರ ಪದಗಳಿಗೆ ಆ ತಾಪತ್ರಯವಿಲ್ಲ. ಆದರೆ ಅವುಗಳಿಗೆ ಈಚಿನವರು ಬರೆದ ಅರ್ಥ, ಟಿಪ್ಪಣಿಗಳಿಗೆ ಇದೆ.

ನಿಮ್ಮ ವೇಗ ಎಷ್ಟು?

ಓದು ಅರ್ಧಕ್ಕೆ ನಿಲ್ಲುವುದು ಬೇಸರದಿಂದಲ್ಲ, ತಪ್ಪು ಲೆಕ್ಕದಿಂದ. ‘ಎರಡು ದಿನದಲ್ಲಿ ಮುಗಿಸ್ತೀನಿ’ ಎಂದು ಹಿಡಿದ 240 ಪುಟದ ಕಾದಂಬರಿ ಎಂಟನೆಯ ದಿನಕ್ಕೂ ಮುಗಿಯದಿದ್ದಾಗ ಅದು ಪುಸ್ತಕದ ತಪ್ಪು ಅನ್ನಿಸತೊಡಗುತ್ತದೆ. ಮೊದಲು ಅಳೆಯಿರಿ. ಫೋನನ್ನು ಇನ್ನೊಂದು ಕೋಣೆಯಲ್ಲಿಟ್ಟು, ಗೋಡೆ ಗಡಿಯಾರ ನೋಡಿ ಹತ್ತು ನಿಮಿಷ ಓದಿ, ಪುಟ ಎಣಿಸಿ. ಐದು ಪುಟ ಆದವು ಅನ್ನಿ. ಅರ್ಧ ತಾಸಿಗೆ ಹದಿನೈದು. 240 ಪುಟಕ್ಕೆ ಹದಿನಾರು ದಿನ. ಅದಕ್ಕೆ ಮದುವೆ, ಜಾತ್ರೆ, ಕರೆಂಟ್ ಹೋದ ಸಂಜೆ ಎಂದು ನಾಲ್ಕು ದಿನ ಸೇರಿಸಿ. ಇಪ್ಪತ್ತು ದಿನ ಎಂದು ಒಳರಟ್ಟಿನ ಚೀಟಿಯಲ್ಲಿ ಬರೆದಿಡಿ. ಆರು ವಾರದಲ್ಲಿ ಎರಡು ಪುಸ್ತಕ, ಜೊತೆಗೊಂದು ತೆಳು ಸಂಕಲನ: ಅಷ್ಟೇ ನಿಮ್ಮ ಪಾಲಿನದು, ಅಷ್ಟು ಸಾಕು.

ಹೊತ್ತಿನ ವಿಚಾರದಲ್ಲಿ ಈ ಸೀಮೆಯ ಬಿಸಿಲನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಫ್ಯಾನಿನ ಕೆಳಗೆ ಪುಸ್ತಕ ಹಿಡಿದರೆ ಮೂರನೆಯ ಪುಟಕ್ಕೆ ಅದು ಎದೆಯ ಮೇಲೆ ಮಲಗುತ್ತದೆ. ಬೆಳಿಗ್ಗೆ ಐದೂವರೆಯಿಂದ ಏಳು, ಇಲ್ಲವೇ ರಾತ್ರಿ ಒಂಬತ್ತರ ಮೇಲೆ ಮಾಳಿಗೆ ಮೇಲೆ. ಓದಿ ಮುಗಿಸಿ ಪುಸ್ತಕವನ್ನು ಮಾಳಿಗೆಯಲ್ಲೇ ಬಿಟ್ಟು ಬರಬೇಡಿ. ಹಳೆಯ ಕಾಗದಕ್ಕೆ ಮರುದಿನದ ಬಿಸಿಲು ತಗುಲಿದರೆ ಅಂಚು ಹಪ್ಪಳದ ಹಾಗೆ ಮುರಿಯುತ್ತದೆ. ಹರಿದ ಹಾಳೆಗೆ ಸೆಲ್ಲೋಟೇಪ್ ಹಚ್ಚಬೇಡಿ. ಸೆಕೆಗೆ ಅದರ ಅಂಟು ಕರಗಿ ಕಾಗದದೊಳಗೆ ಇಳಿದು ಅಕ್ಷರವನ್ನೇ ಕಂದು ಮಾಡುತ್ತದೆ. ಹರಿದ ತುಂಡನ್ನು ಅದೇ ಪುಟದಲ್ಲಿ ಮಡಚದೆ ಇಟ್ಟು ಗ್ರಂಥಾಲಯದವರಿಗೆ ಹೇಳಿ.

ಪುಸ್ತಕಗಳ ಸರದಿ ಹೀಗಿರಲಿ: ತೆಳುವಾದದ್ದು ಮೊದಲು, ಹೆಸರಾದದ್ದು ಆಮೇಲೆ. ತೆಳು ಪುಸ್ತಕದಲ್ಲಿ ಲೇಖಕರ ಮಾತಿನ ಧಾಟಿ ಕಿವಿಗೆ ಹತ್ತುತ್ತದೆ. ಮುನ್ನುಡಿ, ಬೆನ್ನುಡಿ ಓದಬೇಡಿ, ಅವನ್ನು ಕೊನೆಗೆ ಇಟ್ಟುಕೊಳ್ಳಿ. ಕನ್ನಡದ ಮುನ್ನುಡಿಗಳಿಗೆ ಕಥೆಯ ಕೊನೆಯನ್ನು ಎರಡನೆಯ ಪ್ಯಾರಾದಲ್ಲೇ ಹೇಳಿಬಿಡುವ ಚಾಳಿ ಇದೆ. ಬೀಚಿಯವರ ಹಾಸ್ಯವನ್ನು ಒಂದೇ ಸಲ ಹತ್ತು ಪುಟಕ್ಕಿಂತ ಹೆಚ್ಚು ಓದಬಾರದು. ಮಿರ್ಚಿ ಭಜಿ ಇದ್ದ ಹಾಗೆ: ಎರಡು ತಿಂದಾಗ ಇರುವ ರುಚಿ ಎಂಟನೆಯದಕ್ಕೆ ಇರುವುದಿಲ್ಲ, ಅದು ಭಜಿಯ ತಪ್ಪಲ್ಲ.

ಪದ್ಯಕ್ಕೆ ಬೇರೆ ಗಡಿಯಾರ

ಪದ್ಯವನ್ನು ಕಣ್ಣಲ್ಲಿ ಓದಿ ‘ಅರ್ಥ ಆಗಲಿಲ್ಲ’ ಎಂದು ಇಟ್ಟುಬಿಡುವವರೇ ಹೆಚ್ಚು. ಅರ್ಥಕ್ಕಿಂತ ಮುಂಚೆ ಗತಿ ಸಿಗಬೇಕು. ಜಗನ್ನಾಥದಾಸರ ‘ಹರಿಕಥಾಮೃತಸಾರ’ದ ಮೊದಲ ಮೂರು ಸಾಲು ತೆಗೆದುಕೊಳ್ಳಿ:

ಹರಿಕಥಾಮೃತಸಾರ ಗುರುಗಳ
ಕರುಣದಿಂದಾಪನಿತು ಪೇಳುವೆ
ಪರಮ ಭಗವದ್ಭಕ್ತರಿದನಾದರದಿ ಕೇಳುವುದು

ಇದು ಭಾಮಿನಿ ಷಟ್ಪದಿಯ ಅರ್ಧ. ಲಘುವಿಗೆ ಒಂದು ಮಾತ್ರೆ; ದೀರ್ಘ, ಸೊನ್ನೆ, ಒತ್ತಕ್ಷರದ ಹಿಂದಿನ ಅಕ್ಷರ, ಇವಕ್ಕೆ ಎರಡು. ಪೆನ್ಸಿಲಿನಿಂದ ಗೀಟು ಹಾಕಿ: ಹರಿಕ | ಥಾಮೃತ | ಸಾರ | ಗುರುಗಳ. ಮೂರು, ನಾಲ್ಕು, ಮೂರು, ನಾಲ್ಕು, ಒಟ್ಟು ಹದಿನಾಲ್ಕು. ಎರಡನೆಯ ಸಾಲೂ ಹಾಗೆಯೇ: ಕರುಣ | ದಿಂದಾ | ಪನಿತು | ಪೇಳುವೆ. ಮೂರನೆಯದು ಉದ್ದ: ಪರಮ | ಭಗವದ್ | ಭಕ್ತ | ರಿದನಾ | ದರದಿ | ಕೇಳುವು | ದು. ಕೊನೆಯ ‘ದು’ ಒಂದೇ ಮಾತ್ರೆಯದಾದರೂ ಸಾಲಿನ ತುದಿಯಲ್ಲಿ ಎಳೆದು ಎರಡೆಂದು ಎಣಿಸುತ್ತಾರೆ, ಹಾಗೆ ಇಪ್ಪತ್ಮೂರು. ಆರೂ ಸಾಲು ಕೂಡಿದರೆ 102 ಮಾತ್ರೆ. ಪ್ರತಿ ಸಾಲಿನ ಎರಡನೆಯ ಅಕ್ಷರ ನೋಡಿ: ರಿ, ರು, ರ. ಅದು ಆದಿಪ್ರಾಸ.

ಗೀಟು ಹಾಕಿದ ಮೇಲೆ ಗಟ್ಟಿಯಾಗಿ ಮೂರು ಸಲ ಓದಿ. ಮೊದಲ ಸಲ ತೊಡೆ ಮೇಲೆ ತಾಳ ಹಾಕುತ್ತ ಗಣ (ಗೀಟುಗಳ ನಡುವಿನ ತುಂಡು) ಒಡೆದು; ಎರಡನೆಯ ಸಲ ಸಂಧಿ ಬಿಡಿಸಿ, ‘ಭಗವದ್ಭಕ್ತರು, ಇದನು, ಆದರದಿ, ಕೇಳುವುದು’ ಎಂದು; ಮೂರನೆಯ ಸಲ ಎರಡನ್ನೂ ಮರೆತು. ಇಲ್ಲಿ ಆಗುವ ದೊಡ್ಡ ತಪ್ಪೆಂದರೆ ಮಾತು ಮುಗಿದಲ್ಲೆಲ್ಲ ನಿಲ್ಲುವುದು. ‘ಭಕ್ತರಿದನಾದರದಿ’ ಎಂಬಲ್ಲಿ ಗಣ ಮುಗಿಯುವುದು ಮಾತಿನ ನಡುವೆ. ನಿಂತರೆ ಗತಿ ಮುರಿಯುತ್ತದೆ, ಆಗ ಪದ್ಯ ಗದ್ಯದಂತೆ ಕುಂಟುತ್ತದೆ. ಇನ್ನೊಂದು ಮಾತು ಗಮನಿಸಿ. ದಾಸರು ಓದುವುದು ಎನ್ನಲಿಲ್ಲ, ಕೇಳುವುದು ಎಂದರು. ಮೂವತ್ತೆರಡು ಸಂಧಿಗಳ ಈ ಗ್ರಂಥ ಕಿವಿಗಾಗಿ ಹುಟ್ಟಿದ್ದು. ದಿನಕ್ಕೆ ಐದು ಪದ್ಯ ಸಾಕು. ತತ್ತ್ವವಾದದ, ಅಂದರೆ ಮಧ್ವರ ದ್ವೈತ ಮತದ, ಪಾರಿಭಾಷಿಕ ಪದಗಳು ಬಂದಾಗ ಟೀಕೆ ಇರುವ ಆವೃತ್ತಿ ಬೇಕೇ ಬೇಕು. ಬರೀ ಮೂಲ ಹಿಡಿದು ಕೂತವರು ಎರಡನೆಯ ಸಂಧಿಯಲ್ಲಿ ದಣಿಯುತ್ತಾರೆ.

ಗಜಲಿನ ಲೆಕ್ಕ ಬೇರೆ. ಶಾಂತರಸರನ್ನಾಗಲಿ ಮುಕ್ತಾಯಕ್ಕನವರನ್ನಾಗಲಿ ಓದುವ ಮುಂಚೆ ನಾಲ್ಕು ಪದ ಗೊತ್ತಿರಬೇಕು. ಪಾಠಕ್ಕೆಂದೇ ಕಟ್ಟಿದ ಈ ಎರಡು ಸಾಲು ನೋಡಿ:

ಕಲ್ಲುಬೆಟ್ಟದ ಕೆಳಗೆ ಕೂತು ನೆರಳ ಕೇಳಿತು ಬಿಸಿಲು
ಹಾಡು ಬತ್ತಿದ ಊರಿನೊಳಗೆ ಕೊರಳ ಕೇಳಿತು ಬಿಸಿಲು

ಎರಡೂ ಸಾಲಿನ ತುದಿಯಲ್ಲಿ ಬದಲಾಗದೆ ಮರಳುವ ‘ಕೇಳಿತು ಬಿಸಿಲು’ ರದೀಫ್. ಅದರ ಹಿಂದೆ ಪ್ರಾಸ ಕೂಡುವ ‘ನೆರಳ, ಕೊರಳ’ ಕಾಫಿಯಾ. ಎರಡೂ ಸಾಲಿನಲ್ಲಿ ಇವು ಬರುವ ಮೊದಲ ದ್ವಿಪದಿ ಮತ್ಲಾ. ಮುಂದಿನ ದ್ವಿಪದಿಗಳಲ್ಲಿ ಎರಡನೆಯ ಸಾಲಿಗೆ ಮಾತ್ರ ಇವು ಬರುತ್ತವೆ. ಕವಿ ತನ್ನ ಕಾವ್ಯನಾಮ ಇಡುವ ಕೊನೆಯದು ಮಕ್ತಾ. ದಾಸರ ಅಂಕಿತ ಬಲ್ಲವರಿಗೆ ಮಕ್ತಾ ಹೊಸದೆನಿಸುವುದಿಲ್ಲ; ಒಂದೇ ಜಿಲ್ಲೆಯ ಎರಡು ಪರಂಪರೆಗಳು ಕೊನೆಯ ಸಾಲಿನಲ್ಲಿ ಹೆಸರು ಬರೆದು ಎದ್ದು ಹೋಗುತ್ತವೆ.

ಗಜಲ್ ಓದುವಾಗ ಮೊದಲ ಸಾಲಿಗೂ ಎರಡನೆಯದಕ್ಕೂ ನಡುವೆ ಒಂದು ಉಸಿರು ಬಿಡಿ. ಮುಷಾಯಿರಾಗಳಲ್ಲಿ, ಅಂದರೆ ಉರ್ದು ಕವಿಗೋಷ್ಠಿಗಳಲ್ಲಿ, ಮೊದಲ ಸಾಲನ್ನು ಎರಡು ಸಲ ಹೇಳುವುದು ಸುಮ್ಮನೆ ಅಲ್ಲ. ಕೇಳುವವರು ರದೀಫಿಗಾಗಿ ಕಾಯಬೇಕು, ಕಾಫಿಯಾ ಯಾವುದಿರಬಹುದೆಂದು ಊಹಿಸಬೇಕು. ಊಹೆ ತಪ್ಪಿದಾಗ ಬರುವುದೇ ‘ವಾಹ್’. ಇನ್ನೊಂದು: ಗಜಲಿನಲ್ಲಿ ಒಂದು ದ್ವಿಪದಿಗೂ ಮತ್ತೊಂದಕ್ಕೂ ಅರ್ಥದ ಕೊಂಡಿ ಇರಲೇಬೇಕೆಂದಿಲ್ಲ. ಭಾವಗೀತೆ ಓದಿ ಬೆಳೆದವರು ಕಥೆ ಹುಡುಕಿ ಸೋಲುತ್ತಾರೆ. ದಿನಕ್ಕೆ ಒಂದು ಗಜಲ್, ಅದರಲ್ಲಿ ಇಷ್ಟವಾದ ಒಂದೇ ದ್ವಿಪದಿ ಬಾಯಿಪಾಠ.

ನೋಟ್‌ಬುಕ್ಕಿನ ಎರಡು ಪುಟ

ಎಡಗಡೆ ಪುಟದಲ್ಲಿ ಲೇಖಕರ ಸಾಲು, ಪುಟಸಂಖ್ಯೆ, ತಾರೀಖು. ಬಲಗಡೆ ನಿಮ್ಮ ಮಾತು. ಬಲಗಡೆ ‘ಅದ್ಭುತ’, ‘ಮನಮುಟ್ಟುವ’ ಎಂಬ ಪದಗಳಿಗೆ ಪ್ರವೇಶವಿಲ್ಲ. ಯಾಕೆ ನಿಂತಿರಿ ಎಂದು ಬರೆಯಿರಿ. ‘ಇಲ್ಲಿ ಅತ್ತೆ ಮಾತಾಡಲಿಲ್ಲ, ಬರೀ ರೊಟ್ಟಿ ತಟ್ಟುವ ಸಪ್ಪಳ ಜೋರಾಯಿತು’ ಎಂಬಂಥ ಟಿಪ್ಪಣಿ ಹತ್ತು ವಿಶೇಷಣಗಳಿಗಿಂತ ಮೇಲು. ದಿನಕ್ಕೆ ಎರಡು ಸಾಲಿಗಿಂತ ಹೆಚ್ಚು ಎತ್ತಿ ಬರೆಯಬೇಡಿ. ಇಡೀ ಪುಟ ನಕಲು ಮಾಡತೊಡಗಿದರೆ ಓದು ಕಾರಕೂನಿಕೆ ಆಗುತ್ತದೆ.

ನೋಟ್‌ಬುಕ್ಕಿನ ಕೊನೆಯ ಹತ್ತು ಪುಟ ಪದಗಳಿಗೆ ಬಿಡಿ. ಈ ಭಾಗದ ಬರಹಗಳಲ್ಲಿ ಕನ್ನಡವೇ ಆದರೂ ಅರ್ಥ ಜಾರುವ ಪದಗಳಿವೆ, ಮುಖ್ಯವಾಗಿ ನಿಜಾಮರ ಕಾಲದ ಆಡಳಿತದ ಮಾತುಗಳು. ಅವ್ವಲ್ ತಾಲೂಕ್ದಾರ ಎಂದರೆ ಜಮೀನುದಾರನಲ್ಲ, ಜಿಲ್ಲೆಯ ಕಲೆಕ್ಟರ್ ಹುದ್ದೆಯವನು. ಮಾಲಿಪಾಟೀಲ ಕಂದಾಯ ನೋಡುವವನು, ಪೊಲೀಸ್ ಪಾಟೀಲ ಊರಿನ ಶಾಂತಿ ನೋಡುವವನು. ಎರಡೂ ಈಗ ಮನೆತನದ ಹೆಸರುಗಳಾಗಿ ಉಳಿದಿವೆ. ಇಂಥ ಪದಕ್ಕೆ ಮೊದಲು ಓಣಿಯ ಹಿರಿಯರನ್ನು ಕೇಳಿ, ಆಮೇಲೆ ನಿಘಂಟು ನೋಡಿ. ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ದೊಡ್ಡ ಗ್ರಂಥಾಲಯಗಳಲ್ಲಿ ಇರುತ್ತದೆ, ಮನೆಗೆ ಕೊಡುವುದಿಲ್ಲ. ಐದಾರು ಪದ ಕೂಡಿದ ಮೇಲೆ ಒಮ್ಮೆ ಹೋಗಿ ನೋಡಿ ಬನ್ನಿ. ಪ್ರತಿ ಪದಕ್ಕೂ ಓದು ನಿಲ್ಲಿಸಿದರೆ ಕಥೆ ಕೈಬಿಡುತ್ತದೆ.

ಈಗ ಬದುಕು

ಏಳನೆಯ ವಾರ. ಗೂಡಿನಿಂದ ಆತ್ಮಕಥೆ ಇಳಿಸಿ. ಅದರ ಮೊದಲ ಪುಟ ತೆಗೆಯುವ ಮುಂಚೆ ಒಂದು ಹಾಳೆಯಲ್ಲಿ, ಬರಹವಷ್ಟೇ ಓದಿ ಆ ಲೇಖಕರ ಬಗ್ಗೆ ನಿಮಗೆ ಅನ್ನಿಸಿದ್ದನ್ನು ಹತ್ತು ಸಾಲು ಬರೆಯಿರಿ. ಬಡತನ ಕಂಡವರೇ? ಊರು ಬಿಟ್ಟವರೇ? ಯಾರ ಮೇಲೆ ಸಿಟ್ಟು? ಮೂರು ವಾರದ ನಂತರ ಇದರಲ್ಲಿ ಅರ್ಧ ತಪ್ಪಾಗಿರುತ್ತದೆ. ಆ ಅರ್ಧದಲ್ಲೇ ಸ್ವಾರಸ್ಯ, ಯಾಕೆಂದರೆ ಲೇಖಕರು ಬದುಕನ್ನು ಎಲ್ಲಿ ಬದಲಿಸಿ ಬರೆದರು ಎಂಬುದು ಅಲ್ಲಿ ಕಾಣುತ್ತದೆ.

ಆಮೇಲೆ ಮೂರು ಕಾಲಮ್ಮಿನ ಒಂದು ಕೋಷ್ಟಕ ಮಾಡಿ: ದಾಖಲೆ ಹೇಳುವುದು, ಲೇಖಕರೇ ಹೇಳುವುದು, ಜನ ಹೇಳುವುದು. ಬೀಚಿ ಪೊಲೀಸ್ ಇಲಾಖೆಯ ನೌಕರಿಯಲ್ಲಿದ್ದದ್ದು ಮೊದಲನೆಯದಕ್ಕೆ. ಕನ್ನಡದ ಬಗ್ಗೆ ಅಸಡ್ಡೆಯಿಂದಿದ್ದ ಅವರು ಅನಕೃ ಅವರ ‘ಸಂಧ್ಯಾರಾಗ’ ಓದಿದ ಮೇಲೆ ಕನ್ನಡಕ್ಕೆ ಮನಸೋತದ್ದು ಎರಡನೆಯದಕ್ಕೆ. ಅವರ ಹೆಸರಿನಲ್ಲಿ ಭಾಷಣಕಾರರು ಹೇಳುವ ನಗೆಹನಿಗಳೆಲ್ಲ, ಪುಸ್ತಕದಲ್ಲಿ ಪುಟ ತೋರಿಸುವವರೆಗೆ, ಮೂರನೆಯದಕ್ಕೆ. ದಾಸರ ಬದುಕಿನಲ್ಲಂತೂ ಮೂರನೆಯ ಕಾಲಮ್ಮೇ ಉದ್ದ. ಸಂಸ್ಕೃತ ಪಂಡಿತರಾಗಿದ್ದ ಶ್ರೀನಿವಾಸಾಚಾರ್ಯರು ವಿಜಯದಾಸರನ್ನು ಕಡೆಗಣಿಸಿ ಹೊಟ್ಟೆಶೂಲೆಗೆ ಗುರಿಯಾದರು, ಗೋಪಾಲದಾಸರು ತಮ್ಮ ಆಯುಷ್ಯದಲ್ಲಿ ನಲವತ್ತು ವರ್ಷ ಕೊಟ್ಟು ಉಳಿಸಿದರು, ಆಮೇಲೆ ಅವರು ಜಗನ್ನಾಥದಾಸರಾದರು ಎಂಬುದು ಸಂಪ್ರದಾಯದ ಕಥೆ. ಇದನ್ನು ಸುಳ್ಳೆಂದು ತೆಗೆದುಹಾಕುವುದೂ ದಡ್ಡತನ, ಇತಿಹಾಸವೆಂದು ಮೊದಲ ಕಾಲಮ್ಮಿಗೆ ಹಾಕುವುದೂ ದಡ್ಡತನ. ಸಂಸ್ಕೃತದ ಬಿಂಕ ಬಿಟ್ಟು ಕನ್ನಡಕ್ಕೆ ಬಂದದ್ದನ್ನು ಜನ ಎಷ್ಟು ದೊಡ್ಡ ಘಟನೆಯೆಂದು ಎಣಿಸಿದರು ಎಂಬುದಕ್ಕೆ ಅದು ಸಾಕ್ಷಿ.

ತಾರೀಖುಗಳಲ್ಲಿ ಎಡವುವುದು ಇಲ್ಲಿ ಬಹಳ ಸುಲಭ. ರಾಯಚೂರು, ಕೊಪ್ಪಳ 1948ರ ಸೆಪ್ಟೆಂಬರ್ ತನಕ ಹೈದರಾಬಾದ್ ನಿಜಾಮರ ಕೈಯಲ್ಲಿದ್ದವು, ಅದರಲ್ಲೂ ಕೊಪ್ಪಳ ಸಾಲಾರ್ ಜಂಗ್ ಮನೆತನದ ಜಾಗೀರು. ಹಳೆಯ ಕಾಗದಗಳಲ್ಲಿ ಇರುವುದು ಕಂದಾಯದ ಲೆಕ್ಕದ ಫಸಲಿ ವರ್ಷ, ಇಸವಿ ಬೇಕಾದರೆ 590 ಕೂಡಿಸಿ. ಫಸಲಿ 1350 ಅಂದರೆ 1940–41. ಸಂಬಳ, ಸಾಲ ಓದುವಾಗ ‘ಹಾಲಿ’ ರೂಪಾಯಿಯೋ ‘ಕಲ್ದಾರ್’ ರೂಪಾಯಿಯೋ ನೋಡಿ: ನಿಜಾಮರ ಏಳು ಹಾಲಿ ಸಿಕ್ಕಾ ಬ್ರಿಟಿಷರ ಆರು ಕಲ್ದಾರಿಗೆ ಸುಮಾರಾಗಿ ಸಮ. ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿತ್ತು, 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು; ಆದವಾನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ತುಂಗಭದ್ರೆಯ ಆಚೆ, ನಿಜಾಮರ ದಂಡೆಯಲ್ಲಿ ಶಾಲೆ ಕಲಿತವರ ಗದ್ಯದಲ್ಲಿ ಉರ್ದು, ಈಚೆ, ಬಳ್ಳಾರಿ ದಂಡೆಯವರಲ್ಲಿ ತೆಲುಗು ಇಣುಕುವುದಕ್ಕೆ ಇದೇ ಕಾರಣ.

ಜಿಲ್ಲೆಯ ಹೆಸರನ್ನೂ ನಂಬಬೇಡಿ. ದ್ಯಾಂಪುರ ಹಳೆಯ ಪುಸ್ತಕಗಳಲ್ಲಿ ರಾಯಚೂರು ಜಿಲ್ಲೆ, 1997ರಿಂದ ಕೊಪ್ಪಳ. ಬೀಚಿ ಹುಟ್ಟಿದ ಹರಪನಹಳ್ಳಿ ಬಳ್ಳಾರಿಯಲ್ಲಿತ್ತು, 1997ರಲ್ಲಿ ದಾವಣಗೆರೆಗೆ ಹೋಯಿತು, ಮರಳಿ ಬಳ್ಳಾರಿಗೆ ಬಂತು, 2021ರಿಂದ ವಿಜಯನಗರ ಜಿಲ್ಲೆಯಲ್ಲಿದೆ. ಕುಂವೀಯವರ ಕೊಟ್ಟೂರೂ ಈಗ ಅಲ್ಲೇ. ಬೀಚಿ ಇದ್ದಿದ್ದರೆ ಇದರ ಮೇಲೆಯೇ ಒಂದು ಪುಸ್ತಕ ಆಗುತ್ತಿತ್ತು. ಹುಟ್ಟಿದ ತಾರೀಖಿನ ಬಗ್ಗೆಯೂ ಒಂದು ಎಚ್ಚರ: ಆ ತಲೆಮಾರಿನ ಬಹಳ ಮಂದಿಗೆ ಶಾಲೆಗೆ ಹಾಕುವಾಗ ಮಾಸ್ತರು ಬರೆದದ್ದೇ ತಾರೀಖು. ಎರಡು ಕಡೆ ಎರಡು ತಾರೀಖು ಕಂಡರೆ ಎರಡನ್ನೂ ಬರೆದಿಡಿ.

ಸಾಮಗ್ರಿ ಎಲ್ಲಿ ಸಿಗುತ್ತದೆ? ಆತ್ಮಕಥೆ ಇಲ್ಲದವರಿಗೆ ಸಾಹಿತ್ಯ ಅಕಾಡೆಮಿಯ ‘ಭಾರತೀಯ ಸಾಹಿತ್ಯ ನಿರ್ಮಾಪಕರು’ ಮಾಲಿಕೆಯ ಕಿರುಹೊತ್ತಿಗೆಗಳಿವೆಯೇ ನೋಡಿ. ಸಮ್ಮೇಳನಾಧ್ಯಕ್ಷರ ಭಾಷಣಗಳು ಯಾರೂ ಮುಟ್ಟದ ನಿಧಿ: ಪುರಾಣಿಕರು 1987ರ ಕಲಬುರಗಿ ಸಮ್ಮೇಳನದ, ಶಾಂತರಸರು 2006ರ ಬೀದರ್ ಸಮ್ಮೇಳನದ ಅಧ್ಯಕ್ಷರಾಗಿದ್ದರು. ಲೇಖಕರು ತಮ್ಮ ಸೀಮೆಯ ಬಗ್ಗೆ ಎದೆ ಬಿಚ್ಚಿ ಹೇಳುವ ಜಾಗ ಅದು. ಅಭಿನಂದನ ಗ್ರಂಥಗಳನ್ನು ಮಾತ್ರ ಹಿಂದಿನಿಂದ ಓದಿ. ಮುಂದಿನ ಮುನ್ನೂರು ಪುಟ ಹಾರ ತುರಾಯಿ. ಕೆಲಸಕ್ಕೆ ಬರುವ ಕೃತಿಗಳ ಪಟ್ಟಿ, ಜೀವನದ ಇಸವಿಗಳು, ಫೋಟೊ ಕೆಳಗಿನ ಹೆಸರುಗಳು ಕೊನೆಯಲ್ಲಿರುತ್ತವೆ.

ಊರಿಗೆ ಹೋಗುವಾಗ

ನವೆಂಬರಿನಿಂದ ಫೆಬ್ರುವರಿ ಒಳ್ಳೆಯದು. ಬೇಸಿಗೆಯಾದರೆ ಹತ್ತು ಗಂಟೆಯೊಳಗೆ ನೋಡಿ ಮುಗಿಸಿ. ರಾಯಚೂರಿನಿಂದ ಮಾನ್ವಿ ಸುಮಾರು 45 ಕಿ.ಮೀ.; ಅಲ್ಲಿ ಜಗನ್ನಾಥದಾಸರ ಮಂದಿರವಿದೆ, ಆ ತಾಲ್ಲೂಕಿನಲ್ಲೇ ತುಂಗಭದ್ರೆಯ ದಡದಲ್ಲಿ ಚೀಕಲಪರವಿ. ಜೊತೆಗೆ ಒಯ್ಯಬೇಕಾದದ್ದು ಕ್ಯಾಮೆರಾ ಅಲ್ಲ, ಅಲ್ಲಿ ಗಟ್ಟಿಯಾಗಿ ಓದಲು ಆರಿಸಿದ ಎರಡು ಪುಟ.

ಲೇಖಕರ ಮನೆತನದವರನ್ನೋ ಓಣಿಯ ಹಿರಿಯರನ್ನೋ ಕಂಡರೆ ಅಭಿಪ್ರಾಯ ಕೇಳಬೇಡಿ. ‘ಅವರು ಹ್ಯಾಂಗಿದ್ರು?’ ಎಂದರೆ ‘ದೇವರಂಥ ಮನುಷ್ಯಾರಿ’ ಎಂಬ ಉತ್ತರ ಬಂದು ಮಾತು ಅಲ್ಲಿಗೇ ಮುಗಿಯುತ್ತದೆ. ‘ಯಜಮಾನ್ರ, ಅವ್ರು ಬರಿಯಾಕ ಎಲ್ಲಿ ಕುಂದರತಿದ್ರು? ಯಾವ ಹೊತ್ತಿನ್ಯಾಗ? ಲಾಟೀನೋ, ಕರೆಂಟ್ ಬಂದಿತ್ತೋ? ಪುಸ್ತಕ ಎಲ್ಲಿಂದ ತರಿಸ್ತಿದ್ರು?’ ಎಂದು ವಸ್ತು, ಜಾಗ, ಹೊತ್ತು ಕೇಳಿ. ಅವರು ಒಳಗಿನಿಂದ ಒಂದು ಹಳೆಯ ಟ್ರಂಕು ತರುವ ಸಂಭವವೂ ಇದೆ. ತಂದರೆ ಕೇಳದೆ ಮುಟ್ಟಬೇಡಿ, ಕೇಳದೆ ಫೋಟೊ ಹೊಡೆಯಬೇಡಿ. ಮನೆತನದ ಜಗಳ, ಆಸ್ತಿಯ ಮಾತು ಬಂದರೆ ಪೆನ್ನು ಕೆಳಗಿಡಿ.

ಕೊಪ್ಪಳದ ಕಡೆ ಹೋದವರು ಗವಿಮಠದ ಬೆಟ್ಟದ ಮೇಲಿನ ಅಶೋಕನ ಶಾಸನವನ್ನು ನೋಡಿಬನ್ನಿ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ ಕನ್ನಡದ ತಿರುಳು ಎಂದು ನಾಲ್ಕು ಊರುಗಳ ನಡುವಿನ ನಾಡನ್ನು ತೋರಿಸುತ್ತದೆ: ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ. ಆ ಮಹಾಕೊಪಣವೇ ಈ ಕೊಪ್ಪಳ. ‘ಕುಱಿತೋದದೆಯುಂ ಕಾವ್ಯಪ್ರಯೋಗ ಪರಿಣತಮತಿಗಳ್’ ಎಂಬ ಹೊಗಳಿಕೆಯೂ ಅದೇ ಗ್ರಂಥದ್ದು. ಕಾವ್ಯವನ್ನು ಗುರಿಯಿಟ್ಟು ಓದದೆಯೂ ಬಲ್ಲ ಜನ ಎಂಬ ಈ ಮಾತನ್ನು ಓದದಿರುವುದಕ್ಕೆ ಪರವಾನಗಿ ಎಂದು ಬಳಸುವವರೇ ಈಗ ಹೆಚ್ಚು.

ಕೂಡಿ ಓದುವುದಾದರೆ

ಐದರಿಂದ ಏಳು ಮಂದಿ, ಒಂದೂಕಾಲು ತಾಸು, ಹದಿನೈದು ದಿನಕ್ಕೊಮ್ಮೆ. ಒಬ್ಬರು ಹತ್ತು ನಿಮಿಷಕ್ಕಿಂತ ಹೆಚ್ಚು ಓದಬಾರದು. ಮೊದಲ ಅರ್ಧ ತಾಸು ಲೇಖಕರ ಬದುಕಿನ ಮಾತು ಎತ್ತುವಂತಿಲ್ಲ. ಎತ್ತಿದರೆ ಯಾರಾದರೊಬ್ಬರು ತಾವು ಅವರನ್ನು ಬಸ್‌ಸ್ಟ್ಯಾಂಡಿನಲ್ಲಿ ಕಂಡ ಕಥೆ ಶುರು ಮಾಡುತ್ತಾರೆ, ಪುಸ್ತಕ ಮುಚ್ಚಿಕೊಳ್ಳುತ್ತದೆ. ಎಂಟು ದಾಟಿದರೆ ಅದು ಸಭೆ. ಸಭೆಗೆ ಅಧ್ಯಕ್ಷರು ಬೇಕು, ಅಧ್ಯಕ್ಷರಿಗೆ ಭಾಷಣ ಬೇಕು. ಮಂಡಕ್ಕಿ, ಮಿರ್ಚಿ ಓದು ಮುಗಿದ ಮೇಲೆ. ಎಣ್ಣೆ ಬೆರಳಿನ ಗುರುತು ಪುಟದಿಂದ ಹೋಗುವುದಿಲ್ಲ.

ಕೊನೆಯ ಎರಡು ವಾರ

ಮೊದಲು ಓದಿದ ತೆಳು ಪುಸ್ತಕವನ್ನು ಮತ್ತೆ ತೆಗೆಯಿರಿ. ಹಳೆಯ ನೋಟ್‌ಬುಕ್ ಪುಟ ತೆರೆಯದೆ ಓದಿ, ನಿಂತಲ್ಲಿ ಬೇರೆ ಬಣ್ಣದ ಶಾಯಿಯಲ್ಲಿ ಹೊಸದಾಗಿ ಬರೆಯಿರಿ. ಮುಗಿದ ಮೇಲೆ ಎರಡನ್ನೂ ಪಕ್ಕಪಕ್ಕ ಇಡಿ. ಮೊದಲ ಸಲ ನಿಂತ ಜಾಗದಲ್ಲಿ ಈ ಸಲ ನಿಲ್ಲದೆ ಸಾಗಿರುತ್ತೀರಿ. ಆಗ ಕಣ್ಣಿಗೇ ಬೀಳದ ಒಂದು ಸಣ್ಣ ಸಾಲು ಈಗ ಹಿಡಿದು ನಿಲ್ಲಿಸಿರುತ್ತದೆ. ಆ ಸಾಲಿಗೆ ಬದುಕು ತಿಳಿದದ್ದು ಕಾರಣವೋ, ಕಿವಿ ಪಳಗಿದ್ದು ಕಾರಣವೋ ಎಂದು ಬಲಗಡೆ ಪುಟದಲ್ಲಿ ಬರೆಯಿರಿ. ಬದುಕಿನಿಂದಾಗಿ ಮಾತ್ರ ಚೆನ್ನಾಗಿ ಕಾಣುತ್ತಿರುವ ಸಾಲಿಗೆ ಪಕ್ಕದಲ್ಲಿ ಒಂದು ಚುಕ್ಕೆ ಇಡಿ. ಚುಕ್ಕೆಗಳು ಬಹಳವಾದರೆ ನೀವು ಲೇಖಕರನ್ನು ಪ್ರೀತಿಸುತ್ತಿದ್ದೀರಿ, ಪುಸ್ತಕವನ್ನಲ್ಲ ಎಂದರ್ಥ. ಅದೇನೂ ಅಪರಾಧವಲ್ಲ, ಗೊತ್ತಿರಬೇಕಷ್ಟೆ.

ಆಗ ಮುನ್ನುಡಿ, ಬೆನ್ನುಡಿ ಓದಿ. ಗ್ರಂಥಾಲಯದ ಪುಸ್ತಕವಾದರೆ ಮರಳಿಸುವ ಮುಂಚೆ ಚೀಟಿ ತೆಗೆದು, ಪೆನ್ಸಿಲಿನ ಮಾತ್ರೆಯ ಗೀಟುಗಳನ್ನು ಮೆತ್ತನೆಯ ರಬ್ಬರಿನಿಂದ ಒಂದೇ ದಿಕ್ಕಿಗೆ ಒರೆಸಿ. ಹಿಂದೆ ಮುಂದೆ ತಿಕ್ಕಿದರೆ ಹಳೆಯ ಕಾಗದ ಪಿಸಿಯುತ್ತದೆ.